ಮನೆಯಲ್ಲಿ ರೆಕಾರ್ಡ್ ಮಾಡಿದ ಎಲೆಕ್ಟ್ರಿಕ್ ಗಿಟಾರ್ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಯಾಕೆ ಕೇಳಿಸುತ್ತದೆ?
ಗಿಟಾರನ್ನು ನೇರವಾಗಿ ಆಡಿಯೋ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ಹಾಕಿ, ಬರೀ ಡಿಸ್ಟಾರ್ಶನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಸೇರಿಸಿದರೆ ಹೀಗೇ ಆಗುವುದು. ಗಿಟಾರ್ ಆಂಪ್ಲಿಫೈಯರ್‌ನ, ಅಂದರೆ ಆಂಪ್‌ನ, 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನ ಸದ್ದನ್ನು ಹೆಚ್ಚುಕಮ್ಮಿ ನುಂಗಿಬಿಡುತ್ತದೆ. ನಮಗೆ ಗೊತ್ತಿರುವ ಗಿಟಾರ್ ದನಿ ಆ ಸ್ಪೀಕರ್ ಸೋಸಿ ಕೊಟ್ಟದ್ದು. ಹಾಗಾಗಿ ಆಂಪ್ ಸಿಮ್ಯುಲೇಟರ್ (ಆಂಪ್ ದನಿಯನ್ನು ಅನುಕರಿಸುವ ಸಾಫ್ಟ್‌ವೇರ್) ಆದಮೇಲೆ ಸ್ಪೀಕರ್ ಕ್ಯಾಬಿನೆಟ್‌ನ ಐಆರ್ (ಇಂಪಲ್ಸ್ ರೆಸ್ಪಾನ್ಸ್) ಹಾಕಿ. ಸ್ಪೀಕರ್, ಮೈಕ್ ಎರಡರ ಗುಣವನ್ನೂ ಹಿಡಿದಿಟ್ಟ ಚಿಕ್ಕ ಫೈಲ್ ಅದು. ಉಚಿತವಾಗಿಯೇ ಬೇಕಾದಷ್ಟು ಸಿಗುತ್ತವೆ. ಸುಮ್ನೆ ದುಬಾರಿ ಪ್ಲಗಿನ್ ಕೊಳ್ಳುವುದಕ್ಕಿಂತ ಐಆರ್ ಬದಲಿಸಿ ನೋಡುವುದೇ ವಾಸಿ.

ಇಂಟರ್‌ಫೇಸ್‌ನಲ್ಲಿ ಗಿಟಾರ್‌ಗೆಂದೇ ಇರುವ ಹೈ-ಝಡ್ (Hi-Z) ಬಟನ್ ಒತ್ತಿರಲಿ, ಇಲ್ಲದಿದ್ದರೆ ದನಿ ಮಂಕಾಗುತ್ತದೆ. ಆಂಪ್ ಸಿಮ್ಯುಲೇಟರ್‌ನ ಗೇನ್ (ಡಿಸ್ಟಾರ್ಶನ್ ಪ್ರಮಾಣ) ಬೇಕೆನಿಸಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇಡಿ. ದಪ್ಪ ಸೌಂಡ್ ಬೇಕಾ? ಅದೇ ರಿಫ್ (ಗಿಟಾರ್ ತುಣುಕು) ಎರಡು ಸಲ ನುಡಿಸಿ ರೆಕಾರ್ಡ್ ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಳ್ಳಿ. ಕಾಪಿ-ಪೇಸ್ಟ್ ಮಾಡಿದರೆ ನಡೆಯಲ್ಲ. ಎರಡೂ ಸೇರಿ ನಡುವೆ ಒಂದೇ ಗಿಟಾರ್ ಕೇಳಿಸುತ್ತದೆ.