ಪ್ಲಸ್ ಟು ಆದ ಮೇಲೆ ಇಎಂಟಿ ಆಗಬಹುದಾ?

ನೀವು ಕಾಸರಗೋಡಿನ ಕುಂಬಳೆಯವರು, ಕನ್ನಡ ಮೀಡಿಯಂನಲ್ಲಿ ಪ್ಲಸ್ ಟು ಸಯನ್ಸ್ ಮುಗಿಸಿದ್ದೀರಿ. ಆಂಬ್ಯುಲೆನ್ಸ್‌ನಲ್ಲಿ ಇಎಂಟಿ, ಅಂದರೆ ರೋಗಿಗೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ, ಆಗಲು ಒಂದು ಸಣ್ಣ ಸರ್ಟಿಫಿಕೇಟ್ ಕೋರ್ಸ್ ಸಾಕಾ, ಮಲಯಾಳಂ ಬೇಕೇ ಬೇಕಾ ಅಂತ ಕೇಳಿದ್ದೀರಿ.

ಕೋರ್ಸಿಗೆ ಸೇರಲು ಪ್ಲಸ್ ಟು ಸಾಕು. ಕೆಲಸ ಸಿಗಲು ಅಷ್ಟೇ ಸಾಕಾಗುವುದು ಕಷ್ಟ. ಕೇರಳದ 108 ಆಂಬ್ಯುಲೆನ್ಸ್ ಸೇವೆ, ಅಂದರೆ 2019ರಲ್ಲಿ ಶುರುವಾದ ‘ಕನಿವ್’ನಲ್ಲಿ ನರ್ಸಿಂಗ್ ಓದಿದವರೇ ಜಾಸ್ತಿ. ಮನೆಯಲ್ಲಿ ಅನುಕೂಲ ಇದ್ದರೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ. ನಾಳೆ ಆಂಬ್ಯುಲೆನ್ಸ್ ಓಡಾಟ ಸಾಕು ಅನಿಸಿದರೆ ಆಸ್ಪತ್ರೆ ಕೆಲಸವಾದರೂ ಇರುತ್ತದೆ.

ಸರ್ಟಿಫಿಕೇಟ್ ಕೋರ್ಸೇ ಆಗಬೇಕು ಅಂದರೆ, ಫೀಸು ಕಟ್ಟುವ ಮೊದಲು ಒಂದು ಮಾತು ಕೇಳಿ: ಕ್ಯಾಶುವಾಲಿಟಿಯಲ್ಲಿ, ಆಂಬ್ಯುಲೆನ್ಸ್‌ನಲ್ಲಿ ಎಷ್ಟು ಗಂಟೆ ಕೆಲಸ ಕಲಿಸುತ್ತಾರೆ? ಬರೀ ಕ್ಲಾಸಾದರೆ ಸುಮ್ನೆ ದುಡ್ಡು ದಂಡ. ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು, ಪುಸ್ತಕದಲ್ಲಿ ಸುಲಭ. ದೊಡ್ಡವರಿಗಾದರೆ ಎದೆ 5ರಿಂದ 6 ಸೆಂ.ಮೀ. ಕೆಳಗಿಳಿಯಬೇಕು, ನಿಮಿಷಕ್ಕೆ 100ರಿಂದ 120ರ ವೇಗ, 30 ಸಲ ಒತ್ತಿ 2 ಉಸಿರು. ತರಬೇತಿಯ ಗೊಂಬೆಯ ಮೇಲೆ ಒತ್ತಿ ನೋಡಿ, ಸ್ವಲ್ಪ ಹೊತ್ತಿಗೇ ಮೊಣಕೈ ತಾನಾಗಿ ಮಡಚುತ್ತದೆ, ಬೆವರು ಇಳಿಯುತ್ತದೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಅನ್ನುವುದು ಅದಕ್ಕೇ.

ಮಲಯಾಳಂ ಕಲಿಯಲೇಬೇಕು, ಬರೀ ಮಾತಾಡಲು ಬಂದರೆ ಸಾಲದು, ಓದಲೂ ಬರಬೇಕು. ನಮ್ಮ ಕಡೆ ರೋಗಿ ತುಳುವಿನಲ್ಲಿ ನೋವು ಹೇಳುತ್ತಾರೆ, ಫೋನು ಮಲಯಾಳದಲ್ಲಿ ಬರುತ್ತದೆ, ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಒಯ್ದರೆ ಅಲ್ಲಿ ಕನ್ನಡ. ಆ ಲೆಕ್ಕದಲ್ಲಿ ನಿಮ್ಮ ಕನ್ನಡ ಮೀಡಿಯಂ ಲಾಭವೇ, ಅಲ್ವಾ?