ಪ್ರತಿಕ್ರಿಯೆ: ರೂಟ್ ಕೆನಾಲ್‌ಗೆ ಹೈಪೋಕ್ಲೋರೈಟ್ ಬದಲು ತ್ರಿಫಲ ಸಾಕಾ?

ರೂಟ್ ಕೆನಾಲ್‌ನಲ್ಲಿ ಹಲ್ಲಿನ ಬೇರಿನ ಒಳಭಾಗ ತೊಳೆಯಲು ಬಳಸುವ ಹೈಪೋಕ್ಲೋರೈಟ್ ಎಂಬ ರಾಸಾಯನಿಕ ದ್ರಾವಣದ ಬದಲು ತ್ರಿಫಲ ಸಾಕಾ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಬೇವು, ತ್ರಿಫಲ, ಗ್ರೀನ್ ಟೀ ಮೂರೂ ಎಂಟರೊಕಾಕಸ್ ಫೀಕ್ಯಾಲಿಸ್ ಎಂಬ ಹಠಮಾರಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ, ನಿಜ. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಲ್ಯಾಬ್‌ನಲ್ಲಿ, ಕಿತ್ತ ಹಲ್ಲುಗಳ ಮೇಲೆ ನಡೆದವು. 2010ರಲ್ಲಿ ಪ್ರಕಟವಾದ ಅಂಥದ್ದೇ ಒಂದು ಅಧ್ಯಯನದಲ್ಲಿ ತ್ರಿಫಲ ಚೆನ್ನಾಗಿಯೇ ಕೆಲಸ ಮಾಡಿತು, ಆದರೂ ಮುಂದಿದ್ದದ್ದು 5% ಸೋಡಿಯಂ ಹೈಪೋಕ್ಲೋರೈಟ್.

ಬ್ಯಾಕ್ಟೀರಿಯಾ ಕೊಂದರಷ್ಟೇ ಸಾಲದು, ಅಲ್ವಾ? ಬೇರಿನ ಸಣ್ಣ ಸಂದುಗಳಲ್ಲಿ ಉಳಿದ ಸತ್ತ ತಿರುಳೂ ಕರಗಬೇಕು. ಬೇರಿನೊಳಗೆ ಕೆರೆದು ಸ್ವಚ್ಛ ಮಾಡುವ ಫೈಲ್ ಎಂಬ ಸಣ್ಣ ಉಪಕರಣ ಅಲ್ಲಿಗೆಲ್ಲ ತಲುಪುವುದಿಲ್ಲ. ಹೈಪೋಕ್ಲೋರೈಟ್ ಅದನ್ನು ಕರಗಿಸುತ್ತದೆ. ನನಗೆ ಇದೇ ದೊಡ್ಡ ಕಾರಣ.

ಹೈಪೋಕ್ಲೋರೈಟ್ ಬಾಯಿಗೆ, ಗಂಟಲಿಗೆ ಇಳಿಯುತ್ತದೆ ಎಂಬ ನಿಮ್ಮ ಭಯ ಸುಮ್ನೆ ಅಲ್ಲ. ಅದಕ್ಕೇ ರಬ್ಬರ್ ಡ್ಯಾಮ್ ಇದೆ, ಅಂದರೆ ಚಿಕಿತ್ಸೆಯ ಹಲ್ಲನ್ನಷ್ಟೇ ಹೊರಗೆ ಬಿಟ್ಟು ಉಳಿದ ಬಾಯಿಯನ್ನು ಮುಚ್ಚುವ ತೆಳು ರಬ್ಬರ್ ಹಾಳೆ. ಅದನ್ನು ಹಾಕಿಯೇ ಮಾಡಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಮನೆಯಲ್ಲಿ ಕಷಾಯ ಮುಕ್ಕಳಿಸುತ್ತಾ ಚಿಕಿತ್ಸೆ ಮುಂದೂಡಬೇಡಿ, ಅದು ಬೇರಿನೊಳಗೆ ಹೋಗುವುದೇ ಇಲ್ಲ.