ಹೆಸರು ಬರೆಯಿರಿ, ಲಾಂಛನ ಕತ್ತರಿಸಬೇಡಿ

ಹಾವೇರಿ ಜಿಲ್ಲೆಯಲ್ಲಿ ರೇಡಿಯಂ ಸ್ಟಿಕರ್ ಮತ್ತು ಲೇಸರ್ ಕಟಿಂಗ್ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಡನೆ, ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಬಳಿಗೆ ಒಂದರ ಹಿಂದೊಂದು ಮೂರು ಕೆಲಸಗಳು ಬಂದಿವೆಯಂತೆ. ಬೈಕ್ ಮೆಕ್ಯಾನಿಕ್ ಒಬ್ಬರಿಗೆ ಗ್ಯಾರೇಜಿನ ಬೋರ್ಡಿನ ಮೇಲೆ ರಾಯಲ್ ಎನ್‌ಫೀಲ್ಡ್ ಕಂಪನಿಯ ಲಾಂಛನ ದೊಡ್ಡದಾಗಿ ಬೇಕು. ಕಾಲೇಜು ಹುಡುಗರಿಗೆ ಆರ್‌ಸಿಬಿ ತಂಡದ ಸಿಂಹವನ್ನು ಕೊರೆದ ಮರದ ಕೀಚೈನುಗಳು, ಅದೂ ಮಾರುವುದಕ್ಕೆ, ಬೇಕು. ನಿವೃತ್ತರಾಗುತ್ತಿರುವ ತಂದೆಗೆ ಕೊಡಲು ಮಗನೊಬ್ಬನಿಗೆ, ತಂದೆ ದುಡಿದ ಬ್ಯಾಂಕಿನ ಗುರುತಿರುವ ಗೋಡೆ ಗಡಿಯಾರ ಬೇಕು. “ಗಿರಾಕಿ ತಂದ ಚಿತ್ರವನ್ನು ನಾನು ಕತ್ತರಿಸಿ ಕೊಡುತ್ತೇನೆ, ಅಷ್ಟೆ. ಇದರಲ್ಲಿ ನನ್ನ ತಪ್ಪೇನು? ಸ್ವಲ್ಪ ಬದಲಾಯಿಸಿದರೆ ತೊಂದರೆಯಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಅಷ್ಟಕ್ಕೂ ಅಷ್ಟು ದೊಡ್ಡ ಕಂಪನಿಗಳು ನಮ್ಮ ಊರಿಗೆ ಬಂದು ನೋಡುತ್ತವೆಯೇ?” ಎಂದು ಅವರು ಕೇಳಿದ್ದಾರೆ.

ಮಾನ್ಯರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬಹುಶಃ ನೋಡುವುದಿಲ್ಲ. ಸಣ್ಣ ಅಂಗಡಿಯವರನ್ನು ವಕೀಲರ ನೋಟಿಸಿನಿಂದ ಬೆದರಿಸುವ ಕಂಪನಿಗಳೂ ಇವೆ, ಬೋರ್ಡಿಗೆ ಕೂಲಿ ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಬಂದ ಕೆಲಸವನ್ನು ವಾಪಸು ಕಳಿಸುವುದು ಸುಲಭವೂ ಅಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಸಿಕ್ಕಿಬೀಳುತ್ತೇವೆಯೋ ಇಲ್ಲವೋ ಎಂಬ ಲೆಕ್ಕಾಚಾರ ಒಂದು ಪ್ರಶ್ನೆ, ಮಾಡಬಹುದೋ ಬಾರದೋ ಎಂಬುದು ಇನ್ನೊಂದು. ನಿಮ್ಮ ಪತ್ರ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದೆ.

‘ಗಿರಾಕಿ ತಂದದ್ದನ್ನು ಕತ್ತರಿಸಿದೆ’ ಎಂಬ ಮಾತನ್ನು 1999ರ ಟ್ರೇಡ್ ಮಾರ್ಕ್ ಕಾಯ್ದೆ ಮೊದಲೇ ಊಹಿಸಿಕೊಂಡಿದೆ. ಅದರ 29ನೇ ಸೆಕ್ಷನ್ನಿನ ಏಳನೇ ಉಪವಿಧಿ ನಿಮ್ಮಂಥ ಕಸುಬುದಾರರನ್ನೇ ಕುರಿತದ್ದು: ಲೇಬಲ್ಲಿಗೆ, ಪ್ಯಾಕಿಂಗಿಗೆ, ವ್ಯವಹಾರದ ಕಾಗದಪತ್ರಗಳಿಗೆ ಅಥವಾ ಜಾಹೀರಾತಿಗೆ ಬಳಕೆಯಾಗುವ ಸಾಮಗ್ರಿಯ ಮೇಲೆ ನೋಂದಾಯಿತ ಗುರುತನ್ನು ಹಾಕಿಕೊಡುವವನು, ಮಾಲೀಕರ ಅನುಮತಿಯಿಲ್ಲವೆಂದು ತಿಳಿದಿದ್ದರೆ ಅಥವಾ ಹಾಗೆ ಶಂಕಿಸಲು ಕಾರಣವಿದ್ದರೆ, ಅವನೂ ಉಲ್ಲಂಘನೆಗೆ ಹೊಣೆಗಾರ. ನೀವು ನನಗೆ ಪತ್ರ ಬರೆದಿರುವುದೇ ನಿಮಗೆ ಶಂಕೆಯಿದೆ ಎಂಬುದಕ್ಕೆ ಸಾಕ್ಷಿಯಲ್ಲವೇ? ಸರಕಿನ ಮೇಲೆ ಸುಳ್ಳು ಗುರುತು ಹಾಕುವುದಂತೂ ಆರು ತಿಂಗಳಿಂದ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗಿನ ದಂಡಕ್ಕೂ ಗುರಿಮಾಡುವ ಅಪರಾಧವೆಂದು ಅದೇ ಕಾಯ್ದೆ ಹೇಳುತ್ತದೆ.

ಆದರೆ ಪ್ರಾಮಾಣಿಕ ಕೂಲಿಗಾರನಿಗೆ ಆ ಕಾಯ್ದೆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಇತರರಿಗಾಗಿ ಗುರುತು ಹಾಕುವುದನ್ನೋ ಅಚ್ಚು, ಬ್ಲಾಕುಗಳನ್ನು ಮಾಡುವುದನ್ನೋ ಕಸುಬಾಗಿ ಉಳ್ಳವನು, ಸರಕಿನ ಮಾರಾಟದ ಲಾಭದಲ್ಲಿ ಪಾಲುಗಾರನಾಗಿರದೆ, ತಕ್ಕ ಎಚ್ಚರ ವಹಿಸಿ, ಅನುಮಾನಕ್ಕೆ ಆಸ್ಪದವಿಲ್ಲದೆ ಕೆಲಸ ಮಾಡಿ, ಕೇಳಿದಾಗ ಕೆಲಸ ಕೊಟ್ಟವರ ವಿವರ ಒಪ್ಪಿಸಿದರೆ, ಶಿಕ್ಷೆಯಿಂದ ಪಾರಾಗುತ್ತಾನೆ. ಇದನ್ನು ಓದಿದಾಗಲೆಲ್ಲ ನಾನು ಕರಡು ತಿದ್ದುವುದನ್ನು ಕಲಿತ ಮುದ್ರಣಾಲಯದ ಯಜಮಾನರು ನೆನಪಾಗುತ್ತಾರೆ. ಕಾನೂನಿನ ಪುಸ್ತಕವನ್ನು ಅವರು ತೆರೆದು ನೋಡಿದವರಲ್ಲ. ಆದರೂ ಬೀಡಿ ಲೇಬಲ್ ಅಚ್ಚು ಹಾಕಿಸಲು ಯಾರೇ ಬರಲಿ, ಬೀಡಿ ಧಣಿಯ ರುಜುವಿರುವ ಕಾಗದ ತರದಿದ್ದರೆ ಸತುವಿನ ಬ್ಲಾಕನ್ನು ಡ್ರಾಯರಿನಿಂದ ಹೊರಕ್ಕೆ ತೆಗೆಯುತ್ತಿರಲಿಲ್ಲ. ಸ್ವಂತ ಭಾವಮೈದುನ ಬಂದಾಗಲೂ ತೆಗೆಯಲಿಲ್ಲ, ಅದರಿಂದ ಮನೆಯಲ್ಲಿ ಮಾತುಕತೆ ನಿಂತಿತ್ತು. ನೀವೂ ಒಂದು ಆರ್ಡರ್ ಪುಸ್ತಕ ಇಟ್ಟುಕೊಳ್ಳಿ. ಅಧಿಕೃತ ಡೀಲರ್ ಆಗಿದ್ದವರ ಬಳಿ ಕಂಪನಿಯ ಪತ್ರ ಇದ್ದೇ ಇರುತ್ತದೆ. ಅದರ ಪ್ರತಿಯನ್ನು ಆ ಪುಸ್ತಕಕ್ಕೆ ಪಿನ್ ಮಾಡಿ, ಆಮೇಲೆ ಮಷಿನ್ ಚಾಲೂ ಮಾಡಿ.

ಇನ್ನು ಮೆಕ್ಯಾನಿಕ್. ಅವರು ಡೀಲರ್ ಅಲ್ಲ, ಆದರೆ ಆ ಬೈಕುಗಳನ್ನು ರಿಪೇರಿ ಮಾಡುತ್ತಾರೆ ಎಂಬುದು ಸತ್ಯ, ಸತ್ಯವನ್ನು ಬೋರ್ಡಿನಲ್ಲಿ ಹೇಳುವ ಹಕ್ಕು ಅವರಿಗಿದೆ. ಅಮೆರಿಕದ ಲಾಂಗ್ ಬೀಚ್ ಎಂಬಲ್ಲಿ ಚರ್ಚ್ ಎನ್ನುವವರ ಗ್ಯಾರೇಜಿನ ಮೇಲೆ ಫೋಕ್ಸ್‌ವ್ಯಾಗನ್ ಕಂಪನಿ ಮೊಕದ್ದಮೆ ಹೂಡಿತ್ತು. 1969ರಲ್ಲಿ ಮೇಲ್ಮನವಿ ನ್ಯಾಯಾಲಯ ಗ್ಯಾರೇಜಿನ ಪರವಾಗಿ ನಿಂತಿತು. ಅದು ಕೊಟ್ಟ ಕಾರಣಗಳು ಬೋರ್ಡ್ ಮಾಡುವವರೆಲ್ಲ ಗಮನಿಸಬೇಕಾದಂಥವು: ಚರ್ಚ್ ಕಂಪನಿಯ ಹೆಸರನ್ನು ಬರೆದಿದ್ದರು, ಆದರೆ ಕಂಪನಿಯ ವಿಶಿಷ್ಟ ಅಕ್ಷರವಿನ್ಯಾಸವನ್ನಾಗಲಿ, ಬಣ್ಣಗಳನ್ನಾಗಲಿ, ವೃತ್ತದೊಳಗಿನ ಲಾಂಛನವನ್ನಾಗಲಿ ಬಳಸಿರಲಿಲ್ಲ; ತಮ್ಮದು ಸ್ವತಂತ್ರ ಗ್ಯಾರೇಜ್ ಎಂದೂ ಹೇಳಿಕೊಂಡಿದ್ದರು. ನಮ್ಮ ಕಾಯ್ದೆಯ 30ನೇ ಸೆಕ್ಷನ್ ಕೂಡ ಪ್ರಾಮಾಣಿಕ ಬಳಕೆಗೆ ಅವಕಾಶ ಕೊಡುತ್ತದೆ. ಹಾಗೆಂದು ಹೆಸರನ್ನೇ ಊದಿಸಿ ಬರೆದರೆ ಆ ಅವಕಾಶ ಕೈತಪ್ಪುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ತಯಾರಿಸುವವರೊಬ್ಬರು ‘ಹಾಕಿನ್ಸ್ ಕುಕ್ಕರಿಗೆ ಹೊಂದುತ್ತದೆ’ ಎಂಬುದರಲ್ಲಿ ಹಾಕಿನ್ಸ್ ಎಂಬುದಷ್ಟೇ ಎದ್ದು ಕಾಣುವಂತೆ ಅಚ್ಚು ಹಾಕಿದ್ದನ್ನು 2012ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಒಪ್ಪಲಿಲ್ಲ. ಆದ್ದರಿಂದ ಮೆಕ್ಯಾನಿಕ್ಕಿನ ಹೆಸರು ದೊಡ್ಡದಾಗಿರಲಿ, ಕೆಳಗೆ ‘ರಾಯಲ್ ಎನ್‌ಫೀಲ್ಡ್ ಬೈಕುಗಳನ್ನೂ ರಿಪೇರಿ ಮಾಡಲಾಗುವುದು’ ಎಂದು ನಿಮ್ಮದೇ ಅಕ್ಷರಗಳಲ್ಲಿ ಬರೆಯಿರಿ.

ಕೀಚೈನಿನ ವಿಷಯದಲ್ಲಿ ನಿಮಗೆ ಇಷ್ಟೂ ಸಮಾಧಾನ ಹೇಳಲಾರೆ. ಬೋರ್ಡಿನಲ್ಲಿ ಗುರುತು ಏನನ್ನೋ ತಿಳಿಸಲು ಇರುತ್ತದೆ, ಕೀಚೈನಿನಲ್ಲಿ ಗುರುತೇ ಸರಕು. ಸಿಂಹವನ್ನು ತೆಗೆದುಹಾಕಿದರೆ ಉಳಿಯುವ ಮರದ ತುಂಡನ್ನು ಯಾರು ಕೊಳ್ಳುತ್ತಾರೆ? ಐಸ್ ಹಾಕಿ ತಂಡಗಳ ಲಾಂಛನಗಳನ್ನು ಕಸೂತಿ ಹಾಕಿ ಮಾರುತ್ತಿದ್ದ ಅಮೆರಿಕದ ಡಲ್ಲಾಸಿನ ಸಂಸ್ಥೆಯೊಂದು, ಪರವಾನಗಿ ಕೇಳಿ, ಅದು ಸಿಗದಿದ್ದಾಗಲೂ ಮಾರಾಟ ನಡೆಸಿತು. 1975ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದರ ವಿರುದ್ಧ ತೀರ್ಪು ಕೊಟ್ಟಿತು. ‘ತಂಡಕ್ಕೂ ನಮಗೂ ಸಂಬಂಧವಿಲ್ಲ’ ಎಂದು ಚೀಟಿ ಹಚ್ಚಿದರೆ ಸಾಕಲ್ಲವೇ ಎಂದೂ ನೀವು ಕೇಳಬಹುದು. ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣದ ಹೊರಗೆ 1970ರಿಂದ ಶಾಲು, ಟೋಪಿ ಮಾರುತ್ತಿದ್ದ ಮ್ಯಾಥ್ಯೂ ರೀಡ್ ಅಂಥದ್ದೇ ಫಲಕ ತೂಗುಹಾಕಿದ್ದರು. 2002ರಲ್ಲಿ ಯುರೋಪಿನ ನ್ಯಾಯಾಲಯ ಆ ಫಲಕವನ್ನು ಸಮರ್ಥನೆಯೆಂದು ಒಪ್ಪಲಿಲ್ಲ. ನಿಮ್ಮ ಗೆಳೆಯರು ಹೇಳುವ ‘ಸ್ವಲ್ಪ ಬದಲಾವಣೆ’ಯ ಸೂತ್ರವೂ ಯಾವ ಕಾಯ್ದೆಯಲ್ಲೂ ಇಲ್ಲ. ಮೋಸಹೋಗುವಷ್ಟು ಹೋಲಿಕೆಯಿದ್ದರೆ ಸಾಕು, ಎಷ್ಟು ಗೆರೆ ತಿದ್ದಿದ್ದೀರಿ ಎಂದು ಯಾರೂ ಎಣಿಸುವುದಿಲ್ಲ.

ನನ್ನ ನಿಜವಾದ ದೂರು ಕಾನೂನಿನ ಕುರಿತಾದುದಲ್ಲ. ಪತ್ರದೊಂದಿಗೆ ನೀವು ಕಳಿಸಿರುವ ನಾಮಫಲಕದ ಫೋಟೊ ನೋಡಿದೆ. ‘ಳ’ಕಾರದ ಬಾಗನ್ನು ಅಷ್ಟು ನಯವಾಗಿ ಎಳೆಯಬಲ್ಲ ಕೈ ಇನ್ನೊಬ್ಬರ ಸಿಂಹವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಯಂತ್ರಕ್ಕೆ ಉಣಿಸುತ್ತಿದೆಯಲ್ಲ ಎಂಬುದು ನನ್ನ ಸಂಕಟ. ಹಿಂದೆ ಬೋರ್ಡ್ ಬರೆಯುವವರು ಫಲಕದ ಕೆಳಮೂಲೆಯಲ್ಲಿ, ಎರಡು ಬೆರಳಗಲದ ಜಾಗದಲ್ಲಿ, ‘ಆರ್ಟ್ಸ್’ ಎಂದು ಕೊನೆಯಾಗುವ ತಮ್ಮ ಹೆಸರನ್ನು ಬರೆಯುತ್ತಿದ್ದರು. ಒಂದೇ ಬೀದಿಯ ಅಂಗಡಿಗಳನ್ನು ಯಾರು ಯಾರು ಬರೆದರೆಂದು ಅಕ್ಷರದ ತಿರುವಿನಿಂದಲೇ ಹೇಳಬಹುದಿತ್ತು. ಫ್ಲೆಕ್ಸ್ ಬಂದಮೇಲೆ ಆ ರುಜುವೂ ಹೋಯಿತು, ತಿರುವೂ ಹೋಯಿತು. ಈಗ ಕಿರಾಣಿ ಅಂಗಡಿಯ ಹಣೆಯ ಮೇಲೆ ತಂಪುಪಾನೀಯದ ಬಣ್ಣ, ಮೊಬೈಲ್ ಅಂಗಡಿಯ ಹಣೆಯ ಮೇಲೆ ಫೋನ್ ಕಂಪನಿಯ ಬಣ್ಣ, ಅಂಗಡಿಯವನ ಹೆಸರು ಮೂಲೆಯಲ್ಲಿ. ಬೋರ್ಡು ಬಿಟ್ಟಿಯಾಗಿ ಸಿಕ್ಕಿತೆಂದು ಅವನೂ ಸುಮ್ಮನಿದ್ದಾನೆ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಿಗಿಯಾಯಿತು. ಆ ಕನ್ನಡವನ್ನು ಚಂದವಾಗಿ ಬರೆಯುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಎಷ್ಟೋ ಬೋರ್ಡುಗಳಲ್ಲಿ ಇಂಗ್ಲಿಷಿಗೆ ವಿನ್ಯಾಸವಿದೆ, ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸಿಕ್ಕಿದ ಫಾಂಟಿದೆ. ಈ ಕೆಲಸ ನಿಮಗಾಗಿ ಕಾದು ಕುಳಿತಿದೆ, ನೀವು ಸಿಂಹದ ಕೇಸರ ಕೊರೆಯುತ್ತಿದ್ದೀರಿ!

ಸ್ವಂತ ಚಿತ್ರಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿದೆ, ‘ನಂದಿನಿ ಡಿಲಕ್ಸ್’ ಹೋಟೆಲಿನವರು 1989ರಿಂದ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ಹೋಟೆಲಿನವರು ಗೆದ್ದರು. ನಂದಿನಿ ಎಂಬುದು ಪುರಾಣದಿಂದ ಬಂದ ಹೆಸರು, ಇಬ್ಬರ ಸರಕು ಬೇರೆ ಎಂಬುದರ ಜೊತೆಗೆ, ಇಬ್ಬರ ಗುರುತುಗಳೂ ನೋಡಲು ಬೇರೆಯಾಗಿವೆ ಎಂಬುದನ್ನೂ ನ್ಯಾಯಾಲಯ ಎಣಿಕೆಗೆ ತಂದುಕೊಂಡಿತು. ಹೋಟೆಲಿನವರು ಹಸುವನ್ನು ಬರೆಸಿದ್ದರೆ ಕಥೆ ಬೇರೆಯಾಗಬಹುದಿತ್ತು. ನಿಮ್ಮ ಅಂಗಡಿಗೂ ಒಂದು ಗುರುತು ಬರೆದುಕೊಳ್ಳಿ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗದ ಸರಕಿಗೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ, ನೋಂದಣಿ 10 ವರ್ಷ ಊರ್ಜಿತ.

ಹುಡುಗರಿಗೆ ತಮ್ಮ ಕಾಲೇಜಿನ ಹೆಸರನ್ನೋ ಊರಿನ ಹೆಸರನ್ನೋ ಬ್ಯಾಟಿನ ಜೊತೆ ಬರೆದುಕೊಡಿ, ಅವರಿಗೆ ಬೇಕಾಗಿರುವುದು ಹುರುಪು. ರೇಡಿಯಂ ಅಂಗಡಿಗೆ ಬಂದು ಬೈಕಿನ ಮೇಲೆ ‘ಪ್ರೆಸ್’ ಎಂದು ಬರೆಸಿಕೊಳ್ಳುವವರು ನಿಮ್ಮಲ್ಲಿಗೂ ಬರುತ್ತಿರಬೇಕು. ಅವರ ಬಗ್ಗೆ ನಾನು ಹೇಳತೊಡಗಿದರೆ ಈ ಪುಟ ಸಾಲದು, ಗುರುತಿನ ಚೀಟಿ ಕೇಳಿ, ಸಾಕು. ಇನ್ನು ಗಡಿಯಾರ: ಅದು ಮಾರಾಟಕ್ಕಲ್ಲ, ಉಡುಗೊರೆ. ಆದರೂ ಕೂಲಿ ಪಡೆಯುವ ನಿಮ್ಮ ಪಾಲಿಗೆ ಅದು ವ್ಯಾಪಾರವೇ. ಆ ಮಗ ತಂದೆಯ ಶಾಖೆಯ ಮ್ಯಾನೇಜರ್ ಮೂಲಕ ಬ್ಯಾಂಕಿಗೆ ಒಂದು ಪತ್ರ ಬರೆದು ಒಪ್ಪಿಗೆ ಕೇಳಲಿ. ಅದು ಬರುವವರೆಗೆ ನೀವು ತಂದೆಯ ಹೆಸರನ್ನೂ ಅವರು ಸೇರಿದ ಮತ್ತು ನಿವೃತ್ತರಾಗುವ ವರ್ಷಗಳನ್ನೂ ಕೊರೆಯಲು ಶುರುಮಾಡಬಹುದು, ಅವಕ್ಕೆ ಯಾರ ಅನುಮತಿಯೂ ಬೇಕಿಲ್ಲ.

— ಸಂಪಾದಕ